ಜಯನಗರದ ಹದಿನಾರು ಮತಗಳು

ಬೆಂಗಳೂರಿನ ಲಾಲ್‌ಬಾಗಿನ ಬಂಡೆಯ ಮೇಲೆ ಕೆಂಪೇಗೌಡರ ಹೆಸರಿನ ಗೋಪುರವೊಂದಿದೆ. ಹಿಂದೆ ಊರಿನ ಎಲ್ಲೆ ಎಂದರೆ ಅದು. ಅದರ ದಕ್ಷಿಣಕ್ಕೆ 1948ರಲ್ಲಿ ಜಯನಗರ ಬಡಾವಣೆಗೆ ಅಸ್ತಿಭಾರ ಹಾಕಲಾಯಿತು. ಆಗ ಊರು ಮುಗಿಯುತ್ತಿದ್ದುದು ಎಲ್ಲಿ ಎಂಬುದನ್ನು 'ಸೌತ್ ಎಂಡ್ ಸರ್ಕಲ್' ಎಂಬ ಹೆಸರು ಇಂದಿಗೂ ಹೇಳುತ್ತದೆ. ಅಳೆದು ಹಾಕಿದ ಬ್ಲಾಕುಗಳು, ಮರಗಳ ಸಾಲು, ಶಾಲಾ ಕಾಲೇಜುಗಳು, ನೌಕರಿಯವರು, ನಿವೃತ್ತರು. ಓದಿದವರ ಬಡಾವಣೆ ಎಂದೇ ಅದಕ್ಕೆ ಹೆಸರು.

ಈ ಬಡಾವಣೆಯ ಹೆಸರಿನಲ್ಲೇ ಒಂದು ವಿಧಾನಸಭಾ ಕ್ಷೇತ್ರವೂ ಇದೆ. ಅದರ ಮತದಾನದ ಚರಿತ್ರೆ ವಿದ್ಯಾರ್ಥಿಗಳು ಒಮ್ಮೆ ಓದಬೇಕಾದಂಥದು. ಯಾವ ಪಕ್ಷ ಒಳ್ಳೆಯದು ಎಂದು ತಿಳಿಯಲು ಅಲ್ಲ, ಒಂದು ಮತದ ತೂಕ ಎಷ್ಟು ಎಂದು ತಿಳಿಯಲು.

1989ರಿಂದ ಆರಂಭಿಸೋಣ. ಆ ವರ್ಷಕ್ಕೆ ಒಂದು ವಿಶೇಷವಿದೆ. ಸಂವಿಧಾನದ 61ನೆಯ ತಿದ್ದುಪಡಿಯಿಂದ ಮತದಾರರ ಕನಿಷ್ಠ ವಯಸ್ಸು 21ರಿಂದ 18ಕ್ಕೆ ಇಳಿದದ್ದು ಅದೇ ವರ್ಷ ಮಾರ್ಚಿನಲ್ಲಿ. ಆ ವರ್ಷದ ಕೊನೆಯಲ್ಲಿ ನಡೆದ ಚುನಾವಣೆಯಲ್ಲಿ ಜಯನಗರದಿಂದ ಕಾಂಗ್ರೆಸ್ಸಿನ ರಾಮಲಿಂಗಾ ರೆಡ್ಡಿ ಗೆದ್ದರು. 1994, 1999, 2004ರಲ್ಲಿಯೂ ಅವರೇ ಆರಿಸಿ ಬಂದರು. ನಾಲ್ಕು ಬಾರಿ ಒಬ್ಬರೇ ಗೆದ್ದ ಕ್ಷೇತ್ರವನ್ನು ನೋಡಿದವರು 'ಇಲ್ಲಿ ಫಲಿತಾಂಶ ಮೊದಲೇ ಗೊತ್ತು' ಎಂದುಕೊಂಡಿದ್ದರೆ ಆಶ್ಚರ್ಯವಿಲ್ಲ.

2008ರಲ್ಲಿ ಕ್ಷೇತ್ರಗಳ ಪುನರ್ವಿಂಗಡಣೆಯಾಯಿತು. ನಗರ ಬೆಳೆದಿತ್ತು, ಕ್ಷೇತ್ರಗಳ ಗಡಿಗಳು ಬದಲಾದವು. ರಾಮಲಿಂಗಾ ರೆಡ್ಡಿ ಪಕ್ಕದ ಬಿ.ಟಿ.ಎಂ. ಲೇಔಟ್ ಕ್ಷೇತ್ರಕ್ಕೆ ಹೋದರು. ಹೊಸ ಎಲ್ಲೆಯ ಜಯನಗರದಲ್ಲಿ ಬಿಜೆಪಿಯ ಬಿ.ಎನ್. ವಿಜಯಕುಮಾರ್ ಗೆದ್ದರು. 2013ರಲ್ಲಿ ಮತ್ತೆ ಅವರೇ, ಅಂತರ ಸುಮಾರು 12 ಸಾವಿರ. ಊರು ಅದೇ, ಹೆಸರು ಅದೇ, ಗೆರೆ ಮಾತ್ರ ಬೇರೆ. ಹಾಗಾಗಿ ಒಂದು ಕ್ಷೇತ್ರದ 2004ರ ಅಂಕಿಯನ್ನು 2008ರ ಅಂಕಿಯ ಪಕ್ಕದಲ್ಲಿಟ್ಟು ಹೋಲಿಸುವವರು ಎಚ್ಚರದಿಂದಿರಬೇಕು. ಪಾತ್ರೆ ಬದಲಾದ ಮೇಲೆ ನೀರಿನ ಮಟ್ಟವನ್ನು ಮಾತ್ರ ಹೋಲಿಸಿದರೆ ಏನೂ ತಿಳಿಯುವುದಿಲ್ಲ.

2018ರಲ್ಲಿ ಯಾರೂ ಎಣಿಸದ ಘಟನೆ ನಡೆಯಿತು. ಮೂರನೆಯ ಬಾರಿಗೆ ಸ್ಪರ್ಧಿಸಿದ್ದ ವಿಜಯಕುಮಾರ್, ಪ್ರಚಾರದ ನಡುವೆ ಕುಸಿದು, ಮೇ 4ರಂದು ತೀರಿಕೊಂಡರು. ಮತದಾನಕ್ಕೆ ಇನ್ನು ಎಂಟೇ ದಿನಗಳಿದ್ದವು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿ ಮತದಾನಕ್ಕೆ ಮೊದಲು ತೀರಿಕೊಂಡರೆ ಆ ಕ್ಷೇತ್ರದ ಚುನಾವಣೆಯನ್ನು ಮುಂದೂಡಬೇಕು, ಆ ಪಕ್ಷಕ್ಕೆ ಇನ್ನೊಬ್ಬರನ್ನು ನಿಲ್ಲಿಸಲು ಅವಕಾಶ ಕೊಡಬೇಕು ಎಂಬುದು ಕಾನೂನು. ರಾಜ್ಯ ಮೇ 12ರಂದು ಮತ ಹಾಕಿದರೆ ಜಯನಗರ ಜೂನ್ 11ರಂದು ಹಾಕಿತು. ವಿಜಯಕುಮಾರರ ತಮ್ಮ ಪ್ರಹ್ಲಾದ ಬಾಬು ಬಿಜೆಪಿಯ ಅಭ್ಯರ್ಥಿ, ರಾಮಲಿಂಗಾ ರೆಡ್ಡಿಯವರ ಮಗಳು ಸೌಮ್ಯಾ ರೆಡ್ಡಿ ಕಾಂಗ್ರೆಸ್ಸಿನ ಅಭ್ಯರ್ಥಿ. ಅಷ್ಟು ಹೊತ್ತಿಗೆ ಕಾಂಗ್ರೆಸ್ ಜೊತೆ ಸರಕಾರ ರಚಿಸಿದ್ದ ಜೆಡಿಎಸ್ ತನ್ನ ಅಭ್ಯರ್ಥಿಯನ್ನು ಕಣದಿಂದ ಸರಿಸಿ ಕಾಂಗ್ರೆಸ್ಸನ್ನು ಬೆಂಬಲಿಸಿತು. ಸೌಮ್ಯಾ ರೆಡ್ಡಿಯವರಿಗೆ 54,457 ಮತ, ಪ್ರಹ್ಲಾದ ಬಾಬು ಅವರಿಗೆ 51,568. ಅಂತರ 2,889.

ಆ ದಿನ ಮತಗಟ್ಟೆಗೆ ಬಂದವರು ನೂರಕ್ಕೆ ಸುಮಾರು 55 ಮಂದಿ. ಮತದಾರರ ಪಟ್ಟಿಯಲ್ಲಿದ್ದವರು ಎರಡು ಲಕ್ಷದಷ್ಟು. ಅಂದರೆ ಬಾರದವರ ಸಂಖ್ಯೆ 90 ಸಾವಿರದ ಹತ್ತಿರ. ಗೆದ್ದವರು ಪಡೆದ ಮತಕ್ಕಿಂತ ಇದು ಬಹಳ ದೊಡ್ಡದು. ಓದಿದವರ ಬಡಾವಣೆಯಲ್ಲಿ ಎಲ್ಲರಿಗಿಂತ ದೊಡ್ಡ 'ಪಕ್ಷ' ಮನೆಯಲ್ಲಿ ಉಳಿದವರದ್ದು! ಇವರೆಲ್ಲ ಸೋಮಾರಿಗಳು ಎನ್ನುವುದು ಮಾತ್ರ ಸರಿಯಲ್ಲ. ಮನೆ ಬದಲಿಸಿದವರು, ಊರು ಬಿಟ್ಟವರು, ತೀರಿಕೊಂಡವರ ಹೆಸರುಗಳೂ ಪಟ್ಟಿಯಲ್ಲಿ ಉಳಿದಿರುತ್ತವೆ. ಆದರೂ ಉತ್ತರ ಹೇಳಬೇಕಾದವರು ಉಳಿದೇ ಉಳಿಯುತ್ತಾರೆ.

ಇನ್ನು 2023. ಮೇ 10ರಂದು ಮತದಾನ, 13ರಂದು ಎಣಿಕೆ. ರಾಜ್ಯದ ಉಳಿದ ಫಲಿತಾಂಶಗಳೆಲ್ಲ ಸಂಜೆಯ ಹೊತ್ತಿಗೆ ತಿಳಿದಿದ್ದರೂ ಜಯನಗರದ ಎಣಿಕೆ ಕೇಂದ್ರದ ದೀಪ ಆರಲಿಲ್ಲ. ಮೊದಲು ಸೌಮ್ಯಾ ರೆಡ್ಡಿ ಮುಂದಿದ್ದರು. ಬಿಜೆಪಿ ಮರುಎಣಿಕೆ ಕೇಳಿತು. ತಿರಸ್ಕೃತವಾಗಿದ್ದ ಅಂಚೆ ಮತಗಳ ಬಗ್ಗೆ ವಾದ ಎದ್ದಿತು. ತಡರಾತ್ರಿ ಬಂದ ಫಲಿತಾಂಶ ಹೀಗಿತ್ತು: ಬಿಜೆಪಿಯ ಸಿ.ಕೆ. ರಾಮಮೂರ್ತಿ 57,797, ಸೌಮ್ಯಾ ರೆಡ್ಡಿ 57,781. ಅಂತರ 16.

ಮಕ್ಕಳು ಕಾಗದ ಪೆನ್ಸಿಲು ಹಿಡಿದು ಈ ಅಂಕಿಗಳನ್ನು ನೋಡಬೇಕು. ಸೌಮ್ಯಾ ರೆಡ್ಡಿಯವರಿಗೆ 2018ರಲ್ಲಿ ಗೆದ್ದಾಗ ಬಂದದ್ದಕ್ಕಿಂತ ಸೋತಾಗ 3,324 ಮತ ಹೆಚ್ಚು ಬಂದಿತ್ತು! ಎದುರಿನ ಪಕ್ಷಕ್ಕೆ 6,229 ಹೆಚ್ಚಾಯಿತು ಎಂಬುದರಲ್ಲಿ ಒಗಟಿನ ಉತ್ತರವಿದೆ. ಇಬ್ಬರ ಮತಗಳನ್ನೂ ಕೂಡಿಸಿದರೆ 1,15,578. ಅದನ್ನು 16ರಿಂದ ಭಾಗಿಸಿದರೆ ಸುಮಾರು 7,200. ಅಂದರೆ 7,200 ಮತಕ್ಕೆ ಒಂದು ಮತದ ವ್ಯತ್ಯಾಸ. ಗೆದ್ದವರಿಗೆ ಮತ ಹಾಕಿದವರಲ್ಲಿ 8 ಮಂದಿ ಮನಸ್ಸು ಬದಲಿಸಿದ್ದರೆ ಇಬ್ಬರೂ ಸಮ. ಸಮವಾದರೆ ಚೀಟಿ ಎತ್ತಿ ತೀರ್ಮಾನಿಸಬೇಕೆಂದು ಕಾನೂನು ಹೇಳುತ್ತದೆ. 9 ಮಂದಿ ಬದಲಿಸಿದ್ದರೆ ಶಾಸಕರೇ ಬೇರೆ. ಒಂಬತ್ತು ಮಂದಿ ಎಂದರೆ ಒಂದು ಆಟೋ ಸ್ಟ್ಯಾಂಡಿನಲ್ಲಿ ನಿಂತಿರುವಷ್ಟು ಜನ.

ಪ್ರಯೋಗಶಾಲೆಯಲ್ಲಿ ಒಂದು ನಿಯಮವಿದೆ. ಎರಡು ಅಳತೆಗಳ ವ್ಯತ್ಯಾಸ ತೀರ ಸಣ್ಣದಾದಾಗ ಮತ್ತೆ ಅಳೆಯಬೇಕು, ಉಪಕರಣವನ್ನೂ ಪರೀಕ್ಷಿಸಬೇಕು. ಮರುಎಣಿಕೆ ಎಂಬುದು ಅದೇ. ಯಂತ್ರದಲ್ಲಿ ಗುಂಡಿ ಒತ್ತಿದ ಮತ ಎಷ್ಟು ಬಾರಿ ನೋಡಿದರೂ ಅಷ್ಟೇ ಇರುತ್ತದೆ. ಅಂಚೆ ಮತ ಹಾಗಲ್ಲ. ಗುರುತು ಸ್ಪಷ್ಟವಾಗಿಲ್ಲದಿದ್ದರೆ, ಜೊತೆಯ ಪತ್ರದಲ್ಲಿ ಸಹಿ ಇಲ್ಲದಿದ್ದರೆ ಅದು ತಿರಸ್ಕೃತವಾಗುತ್ತದೆ. ಗೆಲುವಿನ ಅಂತರಕ್ಕಿಂತ ತಿರಸ್ಕೃತ ಅಂಚೆ ಮತಗಳು ಹೆಚ್ಚಿದ್ದರೆ ಅವನ್ನು ಮತ್ತೊಮ್ಮೆ ಪರಿಶೀಲಿಸಿಯೇ ಫಲಿತಾಂಶ ಹೇಳಬೇಕೆಂದು ಚುನಾವಣಾ ಆಯೋಗದ ಸೂಚನೆ ಇದೆ. ಆ ವರ್ಷ ರಾಜ್ಯದಲ್ಲಿ 80 ದಾಟಿದ ಹಿರಿಯರಿಗೆ ಮನೆಯಲ್ಲೇ ಅಂಚೆ ಮತ ಹಾಕುವ ಸೌಲಭ್ಯ ಮೊದಲ ಬಾರಿಗೆ ಬಂದಿತ್ತು. ಒಂದು ಸಹಿಯ ಬೆಲೆ ಎಷ್ಟು ಎಂಬುದು ಇಲ್ಲಿ ತಿಳಿಯುತ್ತದೆ. ಉತ್ತರಪತ್ರಿಕೆಯ ಮೇಲೆ ನೋಂದಣಿ ಸಂಖ್ಯೆ ಬರೆಯಲು ಮರೆಯುವ ಮಕ್ಕಳಿಗೂ ಇದು ಪಾಠ.

ಜಯನಗರದ್ದು ಅಪರೂಪ, ನಿಜ. ಆದರೆ ಕರ್ನಾಟಕ ಇದಕ್ಕೂ ಸಣ್ಣ ಅಂತರ ಕಂಡಿದೆ. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ 40,752 ಮತ, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ 40,751 ಮತ ಪಡೆದರು. ಸೋತವರ ಕಾರಿನ ಚಾಲಕನಿಗೇ ಅಂದು ಮತ ಹಾಕಲು ಆಗಿರಲಿಲ್ಲ ಎಂಬುದು ಆಗ ದೊಡ್ಡ ಸುದ್ದಿ.

'ನನ್ನೊಬ್ಬನ ಮತದಿಂದ ಏನಾದೀತು?' ಎನ್ನುವ ಮಾತು ಎಲ್ಲ ಮನೆಗಳಲ್ಲೂ ಕೇಳುತ್ತದೆ. ಹೆಚ್ಚಿನ ಚುನಾವಣೆಗಳಲ್ಲಿ ಆ ಮಾತು ಲೆಕ್ಕಕ್ಕೆ ಸರಿಯೇ. 2013ರ ಜಯನಗರದಲ್ಲಿ ಒಂದು ಮತದಿಂದ ಏನೂ ಆಗುತ್ತಿರಲಿಲ್ಲ. ಆದರೆ ಹತ್ತು ವರ್ಷಗಳಲ್ಲಿ ಅಂತರ 12 ಸಾವಿರದಿಂದ 2,889ಕ್ಕೆ, ಅಲ್ಲಿಂದ 16ಕ್ಕೆ ಇಳಿಯಿತು. ಯಾವ ವರ್ಷ 12 ಸಾವಿರ, ಯಾವ ವರ್ಷ 16 ಎಂಬುದು ಮತದಾನದ ಬೆಳಿಗ್ಗೆ ಯಾರಿಗೂ ತಿಳಿದಿರುವುದಿಲ್ಲ. ತಿಳಿಯುವುದು ಎಣಿಕೆಯ ರಾತ್ರಿ. ಆಗ ಮತ ಹಾಕಲು ಸಾಧ್ಯವಿಲ್ಲ.

ಆದ್ದರಿಂದ ತಂದೆ ತಾಯಂದಿರು ಮಾಡಬಹುದಾದ ಕೆಲಸ ಒಂದಿದೆ. ಮನೆ ಬದಲಿಸಿದ್ದರೆ ಪಟ್ಟಿಯಲ್ಲಿ ಹೆಸರು ಎಲ್ಲಿದೆ ಎಂದು ಇಂದೇ ನೋಡಿ, ಫಾರಂ 8 ತುಂಬಿ ಹೊಸ ವಿಳಾಸಕ್ಕೆ ವರ್ಗಾಯಿಸಿಕೊಳ್ಳಬೇಕು. ಹದಿನೇಳು ತುಂಬಿದ ಮಕ್ಕಳು ಫಾರಂ 6ರ ಅರ್ಜಿಯನ್ನು ಮುಂಚಿತವಾಗಿಯೇ ಕೊಡಬಹುದು. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ದಿನ, ಹೀಗೆ ವರ್ಷಕ್ಕೆ ನಾಲ್ಕು ದಿನಾಂಕಗಳನ್ನು ಹದಿನೆಂಟು ತುಂಬಿದ್ದಕ್ಕೆ ಲೆಕ್ಕ ಹಿಡಿಯುತ್ತಾರೆ. ಸಿ.ಇ.ಟಿ. ಅರ್ಜಿ ತುಂಬುವಾಗ ಮಗನ ಪಕ್ಕದಲ್ಲಿ ಕುಳಿತು ಒಂದೊಂದು ಅಕ್ಷರ ತಿದ್ದುವ ಅಪ್ಪ, ಈ ಅರ್ಜಿಗೂ ಅರ್ಧ ಗಂಟೆ ಕುಳಿತರೆ ಸಾಕು.