ಕರಾವಳಿಯ ಕಾದಂಬರಿಗಳೂ ಮುಂಬಯಿಯ ಮಕ್ಕಳೂ

ನಮ್ಮ ಶಾಲೆಯ ಹತ್ತನೆಯ ತರಗತಿಯವರೊಡನೆ ನಾಸಿಕಕ್ಕೆ ಪ್ರವಾಸ ಹೋಗಿದ್ದಾಗ, ಊರಿನ ಹೊರಗಿರುವ ಗಂಗಾಪುರವನ್ನೂ ನೋಡಿ ಬಂದೆವು. ಗೋದಾವರಿಗೆ ಅಡ್ಡಲಾಗಿ 1965ರಲ್ಲಿ ಕಟ್ಟಿ ಮುಗಿಸಿದ ಮಣ್ಣಿನ ಅಣೆಕಟ್ಟು. ಅದರ ಹಿಂದೆ ನಿಂತಿರುವ ವಿಸ್ತಾರವಾದ ಜಲರಾಶಿ. ಸುತ್ತಲೂ ದ್ರಾಕ್ಷಿಯ ತೋಟಗಳು. ನೀರನ್ನು ಬೊಗಸೆಯಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡ ಹುಡುಗನೊಬ್ಬನು ನನ್ನನ್ನು ಕೇಳಿದನು: "ಸರ್, ಇದು ಸಿಹಿಯಾಗಿದೆ. ನಮ್ಮೂರಿನ ಹೊಳೆಯ ನೀರು ಉಪ್ಪೇಕೆ?" ಉಳಿದವರು ನಕ್ಕರು. ಅವನ ಅಜ್ಜನ ಮನೆ ಕುಂದಾಪುರದ ಕಡೆಯದು. ಪ್ರತಿ ವರ್ಷವೂ ಮೇ ತಿಂಗಳಲ್ಲಿ ಕೊಂಕಣ ರೈಲಿನಲ್ಲಿ ಹೋಗಿ ಬರುವವನು ಅವನು. ಬೇಸಗೆಯಲ್ಲಿ ಹೊಳೆ ಬಡವಾಗುತ್ತದೆ, ಉಬ್ಬರದ ಹೊತ್ತಿಗೆ ಕಡಲು ಅದರೊಳಕ್ಕೆ ನುಗ್ಗುತ್ತದೆ ಎಂದು ಹೇಳಿ ಸಮಾಧಾನಪಡಿಸಿದೆನು. ಆದರೆ ಆ ಉತ್ತರದಿಂದ ನನಗೇ ಸಮಾಧಾನವಾಗಲಿಲ್ಲ.

ಯೋಚಿಸಿ ನೋಡಿದಾಗ ಕಾರಣ ಹೊಳೆಯಿತು. ನಮ್ಮ ಮಕ್ಕಳು ತಮ್ಮ ಊರನ್ನು ಮೇ ತಿಂಗಳಿನಲ್ಲಲ್ಲದೆ ಬೇರೆ ಕಾಲದಲ್ಲಿ ಕಂಡವರೇ ಅಲ್ಲ. ಮಾವು, ಹಲಸು, ಮದುವೆಯ ಮನೆ, ರಾತ್ರಿಯ ಯಕ್ಷಗಾನ, ಇವಿಷ್ಟೇ ಅವರ ಊರು. ಜೂನ್ ತಿಂಗಳಲ್ಲಿ ಅಲ್ಲಿ ಮಳೆ ಹಿಡಿಯುವ ವೇಳೆಗೆ ಇಲ್ಲಿ ಶಾಲೆಯ ಗಂಟೆ ಬಾರಿಸಿರುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ನಾಡಿನವರಾದ ನಾವು ಆ ಮಳೆಯನ್ನು ಅಲ್ಲಿ ನಿಂತು ಕಂಡಿಲ್ಲ! ಗದ್ದೆಗೆ ಇಳಿಯುವ, ನೇಜಿ ನೆಡುವ, ಸಾಲಕ್ಕೆ ಅಲೆಯುವ ಆ ನಾಲ್ಕು ತಿಂಗಳುಗಳನ್ನು ಮುಂಬಯಿಯ ಕನ್ನಡ ಬಾಲಕನಿಗೆ ತೋರಿಸಬಲ್ಲದ್ದು ಪುಸ್ತಕವೊಂದೇ. ಆದ್ದರಿಂದ ಕರಾವಳಿಯ ಕಾದಂಬರಿಗಳನ್ನು ಎಂಟನೆಯ ತರಗತಿಯಿಂದಲೇ ನಮ್ಮ ಮಕ್ಕಳ ಕೈಗೆ ಕೊಡಬೇಕೆಂಬುದು ನನ್ನ ಅಭಿಪ್ರಾಯ. "ಅವು ದೊಡ್ಡವರ ಪುಸ್ತಕಗಳು" ಎಂದು ಬೀರುವಿನಲ್ಲಿಟ್ಟು ಬೀಗ ಹಾಕುವುದು ಸರಿಯಲ್ಲ.

ಮೊದಲು ಕೊಡಬೇಕಾದದ್ದು ಶಿವರಾಮ ಕಾರಂತರ 'ಮರಳಿ ಮಣ್ಣಿಗೆ'. ಕಾರಂತರು 1902ರಲ್ಲಿ ಕೋಟದಲ್ಲಿ ಹುಟ್ಟಿದವರು, 1997ರಲ್ಲಿ ತೀರಿಕೊಂಡರು. ತಾವು ಹುಟ್ಟಿದ ನೆಲದ ಪಕ್ಕದ ಕಡಲ ದಂಡೆಯನ್ನೇ ಅವರು ಆ ಕಾದಂಬರಿಗೆ ರಂಗಸ್ಥಳವನ್ನಾಗಿ ಮಾಡಿಕೊಂಡಿದ್ದಾರೆ. ಅದರಲ್ಲಿ ಮೂರು ತಲೆಮಾರುಗಳ ಕಥೆಯಿದೆ. ಪೌರೋಹಿತ್ಯದಿಂದಲೂ ಬೇಸಾಯದಿಂದಲೂ ಹೇಗೋ ದಿನ ತಳ್ಳುವ ರಾಮ ಐತಾಳರು. ಓದು ಕಲಿತು ಕೆಟ್ಟ ಮಗ ಲಚ್ಚ. ಓದು ಕಲಿತು ಹಳ್ಳಿಗೆ ಹಿಂದಿರುಗುವ ಮೊಮ್ಮಗ ರಾಮ. ಆದರೆ ಆ ಮನೆಯನ್ನು ಹೊತ್ತು ನಿಲ್ಲಿಸಿದವರು ಗಂಡಸರಲ್ಲ. ಐತಾಳರ ತಂಗಿ, ವಿಧವೆ ಸರಸೋತಿ. ಮಕ್ಕಳಿಲ್ಲದ ಹಿರಿಯ ಹೆಂಡತಿ ಪಾರೋತಿ. ಗಂಡನ ದುರ್ನಡತೆಯ ಫಲವನ್ನು ತನ್ನ ಮೈಯಲ್ಲೇ ಉಂಡ ಸೊಸೆ ನಾಗವೇಣಿ. ಇವರ ದುಡಿಮೆಯನ್ನು ಓದುವಾಗ ನನಗೆ ನನ್ನ ಅಜ್ಜಿಯ ಬೆನ್ನು ನೆನಪಾಗುತ್ತದೆ. ಅದು ಬಾಗಿದ್ದು ವಯಸ್ಸಿನಿಂದ ಎಂದು ನಾನು ಬಹುಕಾಲ ನಂಬಿದ್ದೆನು.

ಮೊಮ್ಮಗ ರಾಮನು ಕೆಲಸ ಅರಸಿ ನಮ್ಮ ಮುಂಬಯಿಗೂ ಬರುತ್ತಾನೆ. ನಮ್ಮ ಓದುಗರು ವಿಶೇಷವಾಗಿ ಗಮನಿಸಬೇಕಾದ ಭಾಗ ಇದೇ. ಹೋಟೆಲಿನಲ್ಲಿ ಹಗಲು ದುಡಿದು ರಾತ್ರಿಶಾಲೆಯಲ್ಲಿ ಕನ್ನಡ ಕಲಿತ ನಮ್ಮ ಹಿರಿಯರು ಏಕೆ ಇಲ್ಲಿಗೆ ಬಂದರು ಎಂಬ ಪ್ರಶ್ನೆಗೆ, ಅವರು ಬಿಟ್ಟುಬಂದ ಗದ್ದೆಯನ್ನು ಅರಿಯದೆ ಉತ್ತರ ದೊರೆಯುವುದಿಲ್ಲ. ಕರಾವಳಿಯ ಗದ್ದೆಗಳೆಲ್ಲ ಒಂದೇ ಜಾತಿಯವಲ್ಲ. ತಗ್ಗಿನಲ್ಲಿರುವ ಬೈಲು, ನಡುವಿನ ಮಜಲು, ಎತ್ತರದ ಬೆಟ್ಟು ಎಂದು ಮೂರು ಬಗೆ. ಬೈಲಿನಲ್ಲಿ ನೀರಿದ್ದರೆ ಮೂರು ಬೆಳೆ. ಬೆಟ್ಟಿನಲ್ಲಿ ಮಳೆಯನ್ನು ನಂಬಿ ಒಂದೇ ಬೆಳೆ. ಬೆಟ್ಟುಗದ್ದೆಯ ಒಕ್ಕಲಿಗೆ ಗೇಣಿ ಅಳೆದ ಮೇಲೆ ಎಷ್ಟು ಉಳಿದೀತು? ತಗ್ಗಿನ ಗದ್ದೆಗೆ ಉಪ್ಪುನೀರು ನುಗ್ಗಿದರೆ ಆ ಬೆಳೆಯೂ ಇಲ್ಲ. ಗಂಗಾಪುರದ ಹುಡುಗನ ಪ್ರಶ್ನೆಗೆ ನಾನು ಹೇಳದೆ ಉಳಿಸಿದ ಉತ್ತರ ಇದು.

ಗದ್ದೆ ಇಲ್ಲದವನ ಮಾತೇನು? 1933ರಲ್ಲಿ ಪ್ರಕಟವಾದ 'ಚೋಮನ ದುಡಿ'ಯಲ್ಲಿ ಚೋಮನ ಬಳಿ ಎತ್ತುಗಳಿವೆ, ತೋಳಿನಲ್ಲಿ ಬಲವಿದೆ. ಉಳಲು ಅಂಗೈಯಗಲ ಭೂಮಿಯಿಲ್ಲ. ಅವನು ಹುಟ್ಟಿದ ಜಾತಿಯವನಿಗೆ ಬೇಸಾಯದ ಹಕ್ಕಿಲ್ಲವೆಂಬುದು ಅಂದಿನ ಲೋಕದ ನಿರ್ಣಯ. ಕರ್ನಾಟಕದಲ್ಲಿ ಉಳುವವನನ್ನೇ ಒಡೆಯನನ್ನಾಗಿ ಮಾಡಿದ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ, ಎಂದರೆ ಪುಸ್ತಕ ಬಂದು ನಾಲ್ವತ್ತೊಂದು ವರ್ಷಗಳ ಮೇಲೆ. ಅದರಿಂದ ಗೇಣಿದಾರರಿಗೆ ಭೂಮಿ ಬಂತು. ಗೇಣಿಯೂ ದೊರೆಯದಿದ್ದ ಚೋಮನಂಥವರಿಗೆ ಬಂದೀತೇ? ಇದನ್ನು ತರಗತಿಯಲ್ಲಿ ಚರ್ಚಿಸಿದ ದಿನ ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಯಶವಂತ ಚಿತ್ತಾಲರದು ಬೇರೆ ಮಾರ್ಗ. ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ಹುಟ್ಟಿದ ಅವರು ಬಾಳಿನ ಬಹುಭಾಗವನ್ನು ಮುಂಬಯಿಯಲ್ಲಿ ಕಳೆದು 2014ರಲ್ಲಿ ಇಲ್ಲಿಯೇ ಕಣ್ಮುಚ್ಚಿದರು. ಆದರೂ 1964ರ 'ಮೂರು ದಾರಿಗಳು' ಹನೇಹಳ್ಳಿಯನ್ನು ಬಿಟ್ಟು ಕದಲುವುದಿಲ್ಲ. ಬಾಂದ್ರಾದ ಕಡಲನ್ನು ಎದುರಿಗಿಟ್ಟುಕೊಂಡು ಬಾಳಿದವರ ಲೇಖನಿ ಮತ್ತೆ ಮತ್ತೆ ಆ ಹಳ್ಳಿಗೇ ಮರಳಿದ್ದನ್ನು ನೆನೆದರೆ, ದೂರವಿರುವುದೂ ಊರನ್ನು ನೋಡುವ ಒಂದು ಬಗೆಯೆಂದು ತೋರುತ್ತದೆ. ಇನ್ನು ಕರಾವಳಿಯ ತೆಂಕಣ ತುದಿಗೆ ಹೋದರೆ, 1941ರ ಕಯ್ಯೂರಿನ ರೈತರ ಹೋರಾಟವನ್ನು ಕುರಿತ ನಿರಂಜನರ 'ಚಿರಸ್ಮರಣೆ' ಇದೆ. ಕಾಸರಗೋಡಿನ ಮುಸ್ಲಿಂ ಮನೆಗಳ ಹೆಣ್ಣುಮಕ್ಕಳ ಸಂಕಟವನ್ನು ಹೇಳುವ ಸಾರಾ ಅಬೂಬಕ್ಕರರ 'ಚಂದ್ರಗಿರಿಯ ತೀರದಲ್ಲಿ' ಇದೆ. ಮೇ ತಿಂಗಳ ಊರಿನಲ್ಲಿ ನಮಗೆ ಕಾಣದ ಮನೆಗಳು ಇವು.

ಒಂದು ಕೊರತೆಯನ್ನು ಮರೆಮಾಚಲಾರೆ. 'ಮರಳಿ ಮಣ್ಣಿಗೆ'ಯಲ್ಲಿ ಕಡಲಿನ ಮೊರೆತ ಕೇಳುತ್ತದೆ. ಆದರೆ ಅದು ಕಡಲಿಗಿಳಿದು ಬಲೆ ಬೀಸುವವರ ಕಾದಂಬರಿಯಲ್ಲ. ನನ್ನ ತರಗತಿಯ ಮೊಗವೀರ ಬಾಲಕಿಯೊಬ್ಬಳು ಪುಸ್ತಕವನ್ನು ಹಿಂದಿರುಗಿಸುತ್ತ, "ಇದರಲ್ಲಿ ನಮ್ಮ ಮನೆ ಎಲ್ಲಿದೆ?" ಎಂದಳು. ನ್ಯಾಯವಾದ ಮಾತು. ಮಲಯಾಳದಲ್ಲಿ ತಕಳಿಯವರು 1956ರಲ್ಲಿ 'ಚೆಮ್ಮೀನ್' ಬರೆದು ಬೆಸ್ತರ ಬದುಕನ್ನೇ ಕಥೆಯ ನಡುವಿಗೆ ತಂದರು. ಮೊಗವೀರರ ಸಂಘವು ಈ ನಗರದಲ್ಲಿ ಸ್ಥಾಪಿತವಾದದ್ದು 1902ರಲ್ಲಿ. 'ಮೊಗವೀರ' ಎಂಬ ಕನ್ನಡ ಮಾಸಪತ್ರಿಕೆಯೂ ಇಲ್ಲಿಂದಲೇ ಹೊರಟಿತು. ಬರೆಯುವ ಪರಂಪರೆ ಆ ಬಾಲಕಿಯ ಹಿಂದೆ ಇದ್ದೇ ಇದೆ. ಈ ಸಂಚಿಕೆಗೆ ಅವಳ ಅಜ್ಜನ ದೋಣಿಯ ವಿಷಯ ಬರೆದುಕೊಡೆಂದೆನು. ಪರೀಕ್ಷೆಯ ನೆಪ ಹೇಳಿ ತಪ್ಪಿಸಿಕೊಂಡಳು. ಮುಂದಿನ ಸಂಚಿಕೆಗೆ ಬಿಡುವುದಿಲ್ಲ.

"ಭಾಷೆ ಕಠಿಣ, ಶಬ್ದಗಳು ತಿಳಿಯವು" ಎಂಬ ದೂರು ಸಹಜವಾದದ್ದೇ. ಮನೆಯಲ್ಲಿ ತುಳು, ಕೊಂಕಣಿ, ಬೀದಿಯಲ್ಲಿ ಹಿಂದಿ, ಮರಾಠಿ ಆಡುವ ಮಗುವಿಗೆ ಗೇಣಿ, ಕೊಳಕೆ, ಹಟ್ಟಿ ಎಂದರೆ ತಿಳಿಯುವುದು ಹೇಗೆ? ಆದರೆ ಈ ಶಬ್ದಗಳಿಗೆ ನಿಘಂಟನ್ನು ಹುಡುಕುವುದಕ್ಕೆ ಮೊದಲು ಮನೆಯ ಹಿರಿಯರನ್ನು ಕೇಳಬೇಕು. ನಮ್ಮ ತರಗತಿಯಲ್ಲಿ ಅದಕ್ಕೆಂದೇ ಒಂದು ನೋಟುಪುಸ್ತಕ ಇಟ್ಟಿದ್ದೇವೆ. ಶಬ್ದ, ಅದರ ಅರ್ಥ, ಹೇಳಿದವರು ಯಾರು ಎಂದು ಮೂರು ಮನೆ. ಮೂರನೆಯ ಮನೆಯಲ್ಲಿ ಹೆಚ್ಚಾಗಿ ಅಜ್ಜಿಯರೇ ಇದ್ದಾರೆ.

ಗಂಗಾಪುರದಲ್ಲಿ ನೀರು ಕುಡಿದ ಹುಡುಗನು ಈಗ 'ಮರಳಿ ಮಣ್ಣಿಗೆ'ಯ ಅರ್ಧಭಾಗದಲ್ಲಿದ್ದಾನೆ. ಕಳೆದ ವಾರ ಊರಿಗೆ ಫೋನು ಮಾಡಿ, ತಮ್ಮದು ಬೈಲೋ ಬೆಟ್ಟೋ ಎಂದು ಅಜ್ಜನನ್ನು ಕೇಳಿದನಂತೆ. ಬೆಟ್ಟು, ಅದನ್ನೂ ಮಾರಿ ಇಪ್ಪತ್ತು ವರ್ಷವಾಯಿತು ಎಂದರಂತೆ ಅಜ್ಜ. ನೋಟುಪುಸ್ತಕದಲ್ಲಿ 'ಬೆಟ್ಟು' ಎಂಬ ಶಬ್ದದ ಎದುರಿಗೆ ಅವನು ಅದನ್ನೂ ಬರೆದಿದ್ದಾನೆ.