ಎರಡು ದೊಡ್ಡಮನೆಗಳು

ಕೆಲವು ವರ್ಷಗಳ ಹಿಂದೆ ಸರ್ಕಾರಿ ಕೆಲಸದ ನಿಮಿತ್ತ ಇಂಗ್ಲೆಂಡಿಗೆ ಹೋದಾಗ, ದೊರೆತ ಎರಡು ದಿನಗಳ ಬಿಡುವಿನಲ್ಲಿ ಉತ್ತರ ವೇಲ್ಸಿನ ಕಾನ್ವಿ ಪಟ್ಟಣವನ್ನು ನೋಡಿಬಂದೆ. ಅಲ್ಲಿಗೆ ಬರುವವರೆಲ್ಲ ಕೋಟೆಯನ್ನು ನೋಡಲು ಬರುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಪೇಟೆಯ ನಡುವಿನ ಒಂದು ಮನೆ. ಅದರ ಹೆಸರು ‘ಪ್ಲಾಸ್ ಮೌರ್’. ವೇಲ್ಸ್ ಭಾಷೆಯಲ್ಲಿ ‘ಪ್ಲಾಸ್’ ಎಂದರೆ ಸಿರಿವಂತರ ನಿವಾಸ, ‘ಮೌರ್’ ಎಂದರೆ ದೊಡ್ಡದು. ಕನ್ನಡದಲ್ಲಿ ಹೇಳುವುದಾದರೆ ದೊಡ್ಡಮನೆ. ನಮ್ಮೂರಿನಲ್ಲಿ ನಮ್ಮ ಮನೆಗೂ ಇದೇ ಹೆಸರಿತ್ತು.

ಕಾನ್ವಿಯು ವೇಲ್ಸನ್ನು ಗೆದ್ದ ಒಂದನೆಯ ಎಡ್ವರ್ಡ್ ದೊರೆ 1283ರಲ್ಲಿ ಇಂಗ್ಲಿಷ್ ವಲಸಿಗರಿಗೆಂದು ಕಟ್ಟಿಸಿದ ಊರು. ಸುಮಾರು ಮುನ್ನೂರು ವರ್ಷಗಳ ನಂತರ, ಅದೇ ಕೋಟೆಗೋಡೆಯ ಒಳಗೆ, ರಾಬರ್ಟ್ ವಿನ್ ಎಂಬ ವೇಲ್ಸಿನವನೇ ಈ ಮನೆಯನ್ನು ಕಟ್ಟಿಸಿದ. ಆತ ಇಂಗ್ಲಿಷ್ ರಾಯಭಾರಿಯೊಬ್ಬನ ಪರಿವಾರದಲ್ಲಿದ್ದು ಯುರೋಪನ್ನು ಸುತ್ತಿದವನು. ಗೋಡೆಯ ನೆತ್ತಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟುವ ಸಮುದ್ರದಾಚೆಯ ಮಾದರಿಯನ್ನು ತನ್ನ ಮನೆಗೆ ತಂದ. ಹೊರಗೆ ಹೋಗಿ ದುಡಿದವನು ಕಂಡದ್ದನ್ನು ತನ್ನ ನೆಲದಲ್ಲಿ ನಿಲ್ಲಿಸಿದ ಎಂಬುದು ಹೊರನಾಡಿನಲ್ಲಿರುವ ನಮಗೆ ಸಹಜವಾಗಿ ಹಿಡಿಸುವ ಸಂಗತಿ.

ಮನೆಯೇನೂ ಒಂದೇ ಬಾರಿಗೆ ಎದ್ದು ನಿಂತದ್ದಲ್ಲ. 1576ರಲ್ಲಿ ಒಂದು ಭಾಗ, ಪಕ್ಕದ ನಿವೇಶನ ಕೈಗೆ ಬಂದ ಮೇಲೆ 1580ರಲ್ಲಿ ಇನ್ನೊಂದು, 1585ರಲ್ಲಿ ಹೆಬ್ಬಾಗಿಲ ಕಟ್ಟಡ. ಅಗ್ಗಿಷ್ಟಿಕೆಗಳ ಮೇಲಣ ಗಾರೆಯ ಉಬ್ಬುಕೆಲಸದಲ್ಲಿ ವರ್ಷಗಳನ್ನೂ ಯಜಮಾನನ ಹೆಸರಿನ ಮೊದಲಕ್ಷರಗಳನ್ನೂ ಇಂದಿಗೂ ಓದಬಹುದು. 1598ರಲ್ಲಿ ಆತ ತೀರಿಕೊಂಡ. ಅವನ ತೊಡಕಿನ ಉಯಿಲಿನಿಂದ ಹುಟ್ಟಿದ ವ್ಯಾಜ್ಯ 1630ರವರೆಗೂ ಎಳೆಯಿತು. ವಿಚಿತ್ರವೆಂದರೆ, ಆ ವ್ಯಾಜ್ಯವೇ ಮನೆಯನ್ನು ಕಾಯಿತು. ಇತ್ಯರ್ಥವಾಗುವವರೆಗೆ ಕೆಡವಿ ಕಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಮುಂದೆ ಮಾಲೀಕರು ಬೇರೆಡೆ ನೆಲೆಸಿದರು. ಮನೆ ಬಾಡಿಗೆಗೆ ಹೋಯಿತು, ಶಾಲೆಯಾಯಿತು, ಬಡವರ ಬಿಡಾರವಾಯಿತು. 1887ರಲ್ಲಿ ಅಲ್ಲಿಯ ರಾಯಲ್ ಕೇಂಬ್ರಿಯನ್ ಕಲಾ ಅಕಾಡೆಮಿ ಅದನ್ನು ಗೇಣಿಗೆ ಪಡೆಯಿತು. 1993ರಲ್ಲಿ ಸರ್ಕಾರದ ಪುರಾತತ್ವ ಸಂಸ್ಥೆ ‘ಕಾಡು’ ವಹಿಸಿಕೊಂಡು, ದುರಸ್ತಿ ಮಾಡಿ, 1997ರಲ್ಲಿ ಜನರಿಗೆ ತೆರೆಯಿತು.

ನನ್ನ ಮಾತು ಈ ಜೀರ್ಣೋದ್ಧಾರದ ಕುರಿತದ್ದು. ನಾಲ್ಕು ಶತಮಾನ ಬಾಳಿದ ಮನೆಯಲ್ಲಿ ಯಾವ ಶತಮಾನವನ್ನು ಉಳಿಸುವುದು? ಯಜಮಾನನ ವೈಭವವನ್ನು ಮಾತ್ರ ತೋರಿಸಿದರೆ ಅಲ್ಲಿ ಅಕ್ಷರ ಕಲಿತ ಮಕ್ಕಳಿಗೂ ತಲೆಮರೆಸಿಕೊಂಡು ಬಾಳಿದ ಬಡವರಿಗೂ ಅನ್ಯಾಯವಲ್ಲವೆ? ಈ ಆಕ್ಷೇಪ ನನಗೂ ಒಪ್ಪಿಗೆಯೇ. ಆದರೂ ಅಲ್ಲಿಯವರು ಮಾಡಿದ್ದು ಸರಿ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅವರು ಊಹೆಯನ್ನು ನೆಚ್ಚಲಿಲ್ಲ. 1665ರಲ್ಲಿ ಯಾರೋ ಆ ಮನೆಯ ಸಾಮಾನುಗಳನ್ನು ಪಟ್ಟಿ ಮಾಡಿಟ್ಟಿದ್ದರು. ಕೋಣೆಗಳನ್ನು ಅಲಂಕರಿಸಿದ್ದು ಆ ಪಟ್ಟಿಯ ಆಧಾರದ ಮೇಲೆ. ಗಾರೆಗೆ ಹಳೆಯ ಗಾಢ ಬಣ್ಣಗಳನ್ನು ಮರಳಿ ಬಳಿದದ್ದೂ ಕೆಲವೇ ಕೋಣೆಗಳಲ್ಲಿ. ಬರೆದಿಟ್ಟದ್ದು ಇದ್ದುದರಿಂದಲೇ ಆಯ್ಕೆ ಸಾಧ್ಯವಾಯಿತು.

ಪಟ್ಟಿಯ ಮಹತ್ವ ನನಗೆ ಹೊಸದಲ್ಲ. ಮೂವತ್ತು ವರ್ಷಗಳ ಕೇಂದ್ರ ಸೇವೆಯಲ್ಲಿ ಪ್ರತಿ ವರ್ಗಾವಣೆಗೂ ಸರ್ಕಾರಿ ವಸತಿಗೃಹದ ಫ್ಯಾನು, ನಲ್ಲಿ, ಬಲ್ಬುಗಳನ್ನು ಎಣಿಸಿ ರುಜು ಹಾಕಿದವನು ನಾನು. ನನ್ನದಲ್ಲದ ಮನೆಗಳ ಲೆಕ್ಕವನ್ನು ಇಷ್ಟು ಚೊಕ್ಕವಾಗಿ ಇಟ್ಟವನು ಹುಟ್ಟಿದ ಮನೆಗೆ ಒಂದು ಹಾಳೆಯನ್ನೂ ವ್ಯಯಿಸಲಿಲ್ಲ. ನಮ್ಮ ದೊಡ್ಡಮನೆ ನಾಲ್ವರು ಅಣ್ಣತಮ್ಮಂದಿರಿಗೆ ಪಾಲಾಯಿತು. ತೊಟ್ಟಿಯ ನಡುವೆ ಇಟ್ಟಿಗೆಗೋಡೆ ಎದ್ದಿತು, ಹೆಂಚು ಇಳಿದು ಕಾಂಕ್ರೀಟು ಏರಿತು, ಕೊನೆಗೆ ಎಲ್ಲವನ್ನೂ ಕೆಡವಿದರು. ಕೆಡವಲು ಒಪ್ಪಿಗೆ ಕೊಟ್ಟ ಪತ್ರದಲ್ಲಿ ನನ್ನ ರುಜುವೂ ಇದೆ. ಅಣ್ಣಂದಿರನ್ನು ನಾನು ದೂರುವುದಿಲ್ಲ. ಸೋರುವ ಮಾಡಿನ ಕೆಳಗೆ ಮಳೆಗಾಲ ಕಳೆಯುತ್ತಿದ್ದವರು ಅವರು. ರಜೆಗೆ ಬಂದು ಕಂಬಗಳನ್ನು ಸವರಿ ನಿಟ್ಟುಸಿರಿಟ್ಟು ರೈಲು ಹತ್ತುತ್ತಿದ್ದವನು ನಾನು.

ಮೊನ್ನೆ ಮಗಳು ಆ ಮನೆಯ ನಕ್ಷೆ ಬರೆದುಕೊಡಲು ಕೇಳಿದಳು. ಜಗುಲಿ, ಪಡಸಾಲೆ, ನಡುಮನೆಯವರೆಗೆ ಗೆರೆಗಳು ಸರಾಗವಾಗಿ ಬಂದವು. ದೇವರಮನೆಯ ಬಾಗಿಲು ಎತ್ತ ತೆರೆಯುತ್ತಿತ್ತು, ಅಟ್ಟದ ಏಣಿ ಎಲ್ಲಿತ್ತು ಎಂಬಲ್ಲಿ ಪೆನ್ಸಿಲು ನಿಂತಿತು. ಹೇಳಬಲ್ಲವಳು ಅಮ್ಮ ಒಬ್ಬಳೇ, ಅವಳು ಈಗಿಲ್ಲ.

ಆದ್ದರಿಂದ ಓದುಗರಲ್ಲಿ ನನ್ನ ವಿನಂತಿ ಸಣ್ಣದು. ಎಲ್ಲ ಮನೆಗಳನ್ನೂ ಉಳಿಸಲಾಗದು, ಉಳಿಸಬೇಕೆಂದೂ ಇಲ್ಲ. ವಾಸಿಸುವವರ ಅನುಕೂಲವೇ ಮೊದಲು. ಆದರೆ ಮುಂದಿನ ಬಾರಿ ಊರಿಗೆ ಹೋದಾಗ ಒಂದು ನೋಟುಪುಸ್ತಕವನ್ನು ಜೊತೆಗೆ ಒಯ್ಯಿರಿ. ಕೋಣೆಗಳ ಹೆಸರು, ಅಳತೆ, ಯಾರು ಯಾವಾಗ ಏನನ್ನು ಸೇರಿಸಿದರು ಎಂಬುದನ್ನು ಹಿರಿಯರ ಬಾಯಿಂದ ಕೇಳಿ ಬರೆದುಕೊಳ್ಳಿರಿ. ಅದರ ಒಂದು ಪ್ರತಿಯನ್ನು ನಮ್ಮ ಸಂಘದ ಗ್ರಂಥಾಲಯಕ್ಕೂ ಕೊಡಿರಿ. ಮೊದಲ ಕಡತ ನನ್ನದೇ ಆಗಲಿ. ದೇವರಮನೆಯ ಬಾಗಿಲಿನ ಜಾಗವನ್ನು ಅದರಲ್ಲಿ ಖಾಲಿ ಬಿಟ್ಟಿದ್ದೇನೆ.