ರಾಕ್ ಸಂಗೀತ: ಕಿವಿಗೂ ಮನಸ್ಸಿಗೂ

ಪಾಶ್ಚಾತ್ಯ ರಾಕ್ ಸಂಗೀತದ ಹೆಸರೆತ್ತಿದೊಡನೆ ನಡುವಯಸ್ಸು ದಾಟಿದ ಕನ್ನಡಿಗರಲ್ಲಿ ಬಹುಮಂದಿ ಮೂಗು ಮುರಿಯುತ್ತಾರೆ. ಅದು ಸಂಗೀತವಲ್ಲ, ಗದ್ದಲ. ಅದನ್ನು ಕೇಳಿ ಕುಣಿಯುವವರದು ಆನಂದವಲ್ಲ, ಉನ್ಮಾದ ಎಂಬ ತೀರ್ಪು ಅವರಲ್ಲಿ ಸಿದ್ಧವಾಗಿಯೇ ಇರುತ್ತದೆ. ಈ ತೀರ್ಪಿನ ಪೂರ್ವಾರ್ಧದಲ್ಲಿ ಸತ್ಯಾಂಶವಿಲ್ಲದಿಲ್ಲ. ಆ ವಿಷಯ ಮುಂದೆ ಬರುತ್ತದೆ. ಉತ್ತರಾರ್ಧ ಮಾತ್ರ ಅನ್ಯಾಯದ್ದು.

2025ರ ಜನವರಿ 25 ಮತ್ತು 26ರಂದು ಅಹಮದಾಬಾದಿನ ಮೊಟೇರಾದಲ್ಲಿರುವ ನರೇಂದ್ರ ಮೋದಿ ಕ್ರೀಡಾಂಗಣದಲ್ಲಿ ಬ್ರಿಟನ್ನಿನ ಕೋಲ್ಡ್‌ಪ್ಲೇ ತಂಡದ ಕಚೇರಿಗಳು ನಡೆದವು. ಎರಡು ದಿನವೂ ಲಕ್ಷಕ್ಕೆ ಮಿಕ್ಕಿದ ಜನ ಸೇರಿದ್ದರು. ಪಶ್ಚಿಮ ರೈಲ್ವೆಯವರು ಮುಂಬಯಿಯಿಂದ ವಿಶೇಷ ಗಾಡಿಗಳನ್ನೇ ಓಡಿಸಬೇಕಾಯಿತು. ಪ್ರವೇಶಪತ್ರದ ಬೆಲೆ 2,500 ರೂಪಾಯಿಯಿಂದ ಮೇಲಕ್ಕೆ. ಕ್ರೆಡಿಟ್ ಕಾರ್ಡಿನಲ್ಲಿ ಕೊಂಡು ಕಂತುಗಳಲ್ಲಿ ತೀರಿಸುವ ಆನಂದಕ್ಕೆ ಬಡ್ಡಿಯೂ ಸೇರುತ್ತದೆಂಬುದನ್ನು ತರುಣರು ಮರೆಯಬಾರದು. ಒಳಹೋಗುವ ಪ್ರತಿಯೊಬ್ಬರ ಮಣಿಕಟ್ಟಿಗೂ ಒಂದು ದೀಪದ ಪಟ್ಟಿಯನ್ನು ಕಟ್ಟಲಾಗುತ್ತಿತ್ತು. ದೂರನಿಯಂತ್ರಣದ ಒಂದು ಸಂಜ್ಞೆಗೆ ಆ ದೀಪಗಳೆಲ್ಲ ಒಮ್ಮೆಗೇ ಬೆಳಗಿ, ಒಮ್ಮೆಗೇ ಬಣ್ಣ ಬದಲಿಸುತ್ತಿದ್ದವು. ಕಾರ್ತಿಕದ ಲಕ್ಷದೀಪೋತ್ಸವವನ್ನು ಕಂಡವರು ಆ ದೃಶ್ಯವನ್ನು ಊಹಿಸಿಕೊಳ್ಳಬಲ್ಲರು. ವ್ಯತ್ಯಾಸವೆಂದರೆ ಇಲ್ಲಿ ದೀಪವನ್ನು ಹಚ್ಚಿಡುವ ಕಂಬ ಸ್ವತಃ ಭಕ್ತನೇ. ಎರಡನೆಯ ದಿನ ಗಣರಾಜ್ಯೋತ್ಸವವಾದುದರಿಂದ ಗಾಯಕ ಕ್ರಿಸ್ ಮಾರ್ಟಿನ್ ‘ವಂದೇ ಮಾತರಂ’ ಹಾಡಿದುದನ್ನು ಪತ್ರಿಕೆಗಳು ವಿಶೇಷವಾಗಿ ಬರೆದವು.

ಸೂರತ್ತಿನ ಕತಾರ್‌ಗಾಮ್‌ನಲ್ಲಿ ಬಹುಕಾಲದಿಂದ ನೆಲೆಸಿರುವ ಧಾರವಾಡದ ಕಡೆಯ ಒಂದು ಕುಟುಂಬದ ತರುಣನೂ ಆ ಜನಸಾಗರದಲ್ಲಿದ್ದನು. ವಜ್ರದ ಕಾರಖಾನೆಯೊಂದರಲ್ಲಿ ಅವನಿಗೆ ಕಂಪ್ಯೂಟರಿನ ಕೆಲಸ. ತಂದೆ ಅಲ್ಲಿಯ ಔದ್ಯೋಗಿಕ ವಸಾಹತಿನ ಮಗ್ಗದ ಶೆಡ್ಡಿನಲ್ಲಿ ಮೇಲ್ವಿಚಾರಕರಾಗಿ ಇಪ್ಪತ್ತೈದು ವರ್ಷ ದುಡಿದವರು. ಮಗನು ಕಚೇರಿಯ ನಡುವೆ ಬಿಕ್ಕಿಬಿಕ್ಕಿ ಅತ್ತನೆಂದು ಅವನ ಗೆಳೆಯರಿಂದ ತಿಳಿದಾಗ ಅವರು ಕೆರಳಿದರು. “ಅಜ್ಜಿ ಸತ್ತಾಗ ಇವನ ಕಣ್ಣಾಗ ಒಂದು ಹನಿ ನೀರು ಬರಲಿಲ್ಲ. ಈಗ ಯಾವನೋ ಪರದೇಶದಾಂವ ಹಾಡಿದ್ದಕ್ಕ ಅತ್ತು ಬಂದಾನ!” ಎಂಬುದು ಅವರ ಆಕ್ಷೇಪ.

ಅಜ್ಜಿ ತೀರಿಕೊಂಡದ್ದು 2020ರ ಏಪ್ರಿಲಿನಲ್ಲಿ. ರೈಲು, ಬಸ್ಸುಗಳೆಲ್ಲ ನಿಂತುಹೋಗಿದ್ದ ಲಾಕ್‌ಡೌನಿನ ಕಾಲ. ಸೂರತ್ತಿನಿಂದ ಧಾರವಾಡಕ್ಕೆ ಹೋಗುವ ದಾರಿಯೇ ಇರಲಿಲ್ಲ. ಹೆತ್ತ ತಾಯಿಯ ಅಂತ್ಯಕ್ರಿಯೆಯನ್ನು ತಂದೆ ಮೊಬೈಲಿನ ಅಂಗೈಯಗಲದ ಪರದೆಯಲ್ಲಿ ನೋಡಿದರು. ಪಕ್ಕದಲ್ಲಿ ಮಗ ಫೋನು ಹಿಡಿದು ನಿಂತಿದ್ದ. ಹೊರನಾಡಿನ ಎಷ್ಟೋ ಕನ್ನಡದ ಮನೆಗಳಲ್ಲಿ ಆ ವರ್ಷ ಹೀಗೆಯೇ ನಡೆಯಿತು. ಕೈ ನಡುಗಿದರೆ ಚಿತ್ರ ಕದಲುತ್ತದೆ. ಫೋನು ಹಿಡಿದವನಿಗೆ ಅಳುವ ಸ್ವಾತಂತ್ರ್ಯವಿರಲಿಲ್ಲ.

ಅಹಮದಾಬಾದಿನಲ್ಲಿ ಅವನ ಕಟ್ಟೆಯೊಡೆದದ್ದು ‘ಫಿಕ್ಸ್ ಯು’ ಎಂಬ ಹಾಡಿಗೆ. ನಟಿ ಗ್ವಿನೆತ್ ಪಾಲ್ಟ್ರೋ ತಂದೆಯನ್ನು ಕಳೆದುಕೊಂಡು ದುಃಖದಲ್ಲಿದ್ದಾಗ ಆಕೆಯನ್ನು ಸಂತೈಸಲೆಂದು ಕ್ರಿಸ್ ಮಾರ್ಟಿನ್ ರಚಿಸಿದ ಈ ಹಾಡು 2005ರಲ್ಲಿ ಹೊರಬಂದಿತು. ಆರ್ಗನ್ನಿನ ಮೆಲುದನಿಯಿಂದ ಆರಂಭವಾಗಿ, ಬಹಳ ಹೊತ್ತು ತಗ್ಗಿನಲ್ಲಿಯೇ ಸಾಗಿ, ಕೊನೆಯಲ್ಲಿ ಒಮ್ಮೆಲೆ ಗಿಟಾರು, ಡೋಲುಗಳೊಡನೆ ಉಕ್ಕುತ್ತದೆ. ಲಕ್ಷ ಕಂಠಗಳು ಕೂಡಿ ಹಾಡುವಾಗ ಒಬ್ಬನ ಅಳು ಯಾರಿಗೂ ಕೇಳುವುದಿಲ್ಲ. ಐದು ವರ್ಷ ಹಿಡಿದಿಟ್ಟ ದುಃಖಕ್ಕೆ ಅಷ್ಟು ಮರೆ ಸಾಕಾಯಿತು. ಆ ತರುಣನು ಅತ್ತದ್ದು ಪರದೇಶದವನಿಗಾಗಿ ಅಲ್ಲ, ಅಜ್ಜಿಗಾಗಿ. ತಂದೆಗೆ ಇದನ್ನು ಯಾರಾದರೂ ತಿಳಿಸಿ ಹೇಳಬೇಕಾಗಿತ್ತು. ಮಗನಿಗೆ ಮಾತು ಬರಲಿಲ್ಲ.

ಇಂತಹ ಅನುಭವಕ್ಕೆ ಶರೀರದಲ್ಲಿಯೂ ಆಧಾರವುಂಟು. ಮೆಚ್ಚಿನ ಸಂಗೀತವನ್ನು ಕೇಳಿ ರೋಮಾಂಚನವಾಗುವಾಗ ಮೆದುಳಿನಲ್ಲಿ ಡೋಪಮಿನ್ ಎಂಬ ದ್ರವ್ಯ ಸ್ರವಿಸುತ್ತದೆಂದು ಕೆನಡಾದ ಮಾಂಟ್ರಿಯಲ್‌ನ ಸಂಶೋಧಕರು 2011ರಲ್ಲಿ ತೋರಿಸಿದರು. ಒಟ್ಟಾಗಿ ಹಾಡುವವರ ಉಸಿರಾಟ ಹೊಂದಿಕೊಂಡಂತೆ ಅವರ ಹೃದಯಬಡಿತದ ಏರಿಳಿತವೂ ಹೊಂದಿಕೊಳ್ಳುವುದನ್ನು 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಕಂಡರು. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ದುರ್ಖೈಮ್ ಇವೆಲ್ಲಕ್ಕೂ ಮೊದಲೇ, 1912ರಲ್ಲಿ, ಜನ ಒಂದೆಡೆ ಸೇರಿದಾಗ ಉಕ್ಕುವ ಈ ಚೈತನ್ಯದಲ್ಲಿಯೇ ಧರ್ಮದ ಮೂಲವನ್ನು ಗುರುತಿಸಿದ್ದನು.

ಕನ್ನಡಿಗರಿಗೆ ಇದನ್ನು ಫ್ರಾನ್ಸಿನವರು ಹೇಳಿಕೊಡಬೇಕಾಗಿಲ್ಲ. ತಂಬೂರಿ, ಚಿಟಿಕೆ ಹಿಡಿದು ಗೆಜ್ಜೆ ಕಟ್ಟಿ ಕುಣಿದು ಹಾಡಿದ ದಾಸರ ನಾಡು ಅದು. ಭಜನಾ ಸಪ್ತಾಹದ ಕಡೆಯ ರಾತ್ರಿ ತಾಳದ ವೇಗ ಏರಿದಂತೆ ಮೈಮರೆಯುವ ಹಿರಿಯರನ್ನು ಯಾರೂ ಹುಚ್ಚರೆನ್ನುವುದಿಲ್ಲ. ನವರಾತ್ರಿಯಲ್ಲಿ ಸೂರತ್ತು, ವಡೋದರಾಗಳ ಗರಬಾ ವರ್ತುಲದಲ್ಲಿ ಸುತ್ತುವ ಸಾವಿರಾರು ಜನರನ್ನೂ ಹಾಗೆನ್ನುವುದಿಲ್ಲ. ಕೋಲ್ಡ್‌ಪ್ಲೇ ಕಚೇರಿಗಳಲ್ಲಿ ಒಂದು ಹಾಡನ್ನು ನಡುವೆ ನಿಲ್ಲಿಸಿ, ಫೋನುಗಳನ್ನು ಕೆಳಗಿಟ್ಟು ಕೇಳಿರೆಂದು ಗಾಯಕನೇ ಬಿನ್ನವಿಸಿಕೊಳ್ಳುವ ರೂಢಿಯಿದೆ. ಆರತಿಯ ಹೊತ್ತಿನಲ್ಲಿಯೂ ಮೊಬೈಲನ್ನು ಮೇಲೆತ್ತಿ ಹಿಡಿಯುವವರು ಇದನ್ನು ಗಮನಿಸಬಹುದು.

ಹಾಗೆಂದು ಎರಡೂ ಒಂದೇ ಎಂದರೆ ತಪ್ಪಾಗುತ್ತದೆ. ಭಜನೆ ಮುಂದಿನ ಏಕಾದಶಿಗೆ ಮರಳಿ ಬರುತ್ತದೆ, ಅದೇ ನೆರೆಹೊರೆಯವರೊಡನೆ, ಬಿಡಿಗಾಸಿಲ್ಲದೆ. ರಾಕ್ ಕಚೇರಿ ಬಂದು ಹೋಗಿಬಿಡುತ್ತದೆ. ಮೈಯೆಲ್ಲ ಬೆಳಕಾಗಿದ್ದವನು ದೀಪದ ಪಟ್ಟಿಯನ್ನು ಬಾಗಿಲಲ್ಲಿ ಹಿಂದಿರುಗಿಸಿ ರಾತ್ರಿಯ ರೈಲಿನಲ್ಲಿ ಅಪರಿಚಿತರ ನಡುವೆ ಕುಳಿತು ಊರಿಗೆ ಮರಳಬೇಕು. ಮರುದಿನ ಅವನ ಅನುಭವವನ್ನು ಕೇಳುವವರಿಲ್ಲದಿದ್ದರೆ ಅದು ಅಲ್ಲಿಗೇ ಬತ್ತುತ್ತದೆ. ಕನ್ನಡ ಸಂಘಗಳ ಹಿರಿಯರು ತರುಣರು ಸಭೆಗೆ ಬರುವುದಿಲ್ಲವೆಂದು ಪ್ರತಿವರ್ಷ ವ್ಯಥೆಪಡುತ್ತಾರೆ. ಬಂದವರನ್ನು ಅವರು ಕೇಳುವುದಾದರೂ ಏನು? ಸಂಬಳವೆಷ್ಟು, ಮದುವೆ ಯಾವಾಗ, ಅಷ್ಟೆ.

ಇನ್ನು ಗದ್ದಲದ ಮಾತು. ಇಲ್ಲಿ ಹಿರಿಯರ ಪಕ್ಷ ಬಲವಾದುದು. 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ 8 ತಾಸು ತಾಳಬಹುದೆಂಬುದು ತಜ್ಞರ ಲೆಕ್ಕ. ಪ್ರತಿ 3 ಡೆಸಿಬೆಲ್ ಏರಿದಾಗಲೂ ಆ ಅವಧಿ ಅರ್ಧಕ್ಕಿಳಿಯುತ್ತದೆ. ಹೀಗೆ 100 ಡೆಸಿಬೆಲ್ಲಿಗೆ ಉಳಿಯುವುದು ಕೇವಲ 15 ನಿಮಿಷ. ಸಂಗೀತದ ತಾಣಗಳಲ್ಲಿ ಸರಾಸರಿ ಶಬ್ದ 100 ಡೆಸಿಬೆಲ್ ಮೀರಕೂಡದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸೂಚಿಸಿತು. ಕಚೇರಿಯಾದರೋ ಎರಡು ತಾಸಿನದು. ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಕ್ರಿಸ್ ಮಾರ್ಟಿನ್‌ಗೇ ಕಿವಿಯಲ್ಲಿ ಸದಾ ಗುಂಯ್‌ಗುಡುವ ತೊಂದರೆಯಿದ್ದು, ಕಿವಿಗಳನ್ನು ಕಾಪಾಡಿಕೊಳ್ಳಿರೆಂದು ಅವನು ಬಹಿರಂಗವಾಗಿ ಹೇಳುತ್ತ ಬಂದಿದ್ದಾನೆ.

ಕತಾರ್‌ಗಾಮ್‌ನ ಆ ತಂದೆಯೂ ಈಗ ಮಾತನ್ನು ಎರಡೆರಡು ಸಲ ಹೇಳಿಸಿಕೊಳ್ಳುತ್ತಾರೆ. ಮಗ್ಗದ ಶೆಡ್ಡುಗಳಲ್ಲಿ ಶಬ್ದ 90 ಡೆಸಿಬೆಲ್ ದಾಟುವುದು ಸಾಮಾನ್ಯ. ಕಿವಿಯಲ್ಲಿ ಹತ್ತಿ ತುರುಕಿಕೊಂಡೇ ಅವರು ಅಷ್ಟು ವರ್ಷ ಕಳೆದರು. ಹತ್ತಿ ಶಬ್ದವನ್ನು ತಡೆಯುವುದು ಅತ್ಯಲ್ಪ. ಔಷಧದ ಅಂಗಡಿಯಲ್ಲಿ ಅಲ್ಪ ಬೆಲೆಗೆ ದೊರೆಯುವ ಫೋಮಿನ ಬೆಣೆಗಳನ್ನು ಬೆರಳಿನಿಂದ ಹೊಸೆದು ತೆಳ್ಳಗೆ ಮಾಡಿ, ಕಿವಿಯ ಮೇಲ್ತುದಿಯನ್ನು ಹಿಂದಕ್ಕೆಳೆದು ಒಳಗೆ ಸರಿಯಾಗಿ ಕೂರಿಸಿದರೆ ಹಾಡೂ ಕೇಳುತ್ತದೆ, ಕಿವಿಯೂ ಉಳಿಯುತ್ತದೆ. ಧ್ವನಿವರ್ಧಕಗಳ ಎದುರಿಗೆ ನಿಲ್ಲಬಾರದು. ನಡುನಡುವೆ ಹೊರಬಂದು ಕಿವಿಗೆ ವಿಶ್ರಾಂತಿ ಕೊಡಬೇಕು. ಮಕ್ಕಳಿಗೆ ಕಿವಿಮುಚ್ಚುಗೆಯಿಲ್ಲದೆ ಅಂತಹ ಕಡೆ ಪ್ರವೇಶವೇ ಬೇಡ. ಕಚೇರಿಯ ಮರುದಿನವೂ ಕಿವಿಯಲ್ಲಿ ಗುಂಯ್‌ಗುಡುವಿಕೆ ನಿಲ್ಲದಿದ್ದರೆ, ಅಥವಾ ಒಂದು ಕಿವಿ ಏಕಾಏಕಿ ಮಂದವಾದರೆ, ತಾನಾಗಿಯೇ ಸರಿಹೋಗಲೆಂದು ಕಾಯದೆ ಕಿವಿ-ಮೂಗು-ಗಂಟಲು ವೈದ್ಯರಲ್ಲಿಗೆ ಅಂದೇ ಹೋಗಬೇಕು. ಹಗಲೆಲ್ಲ ಯಂತ್ರಗಳ ನಡುವೆ ದುಡಿಯುವ ಸೂರತ್ತಿನ ತರುಣರು ಇದನ್ನು ಇತರರಿಗಿಂತ ಹೆಚ್ಚಾಗಿ ನೆನಪಿಡಬೇಕು. ಅವರ ಕಿವಿಗೆ ಸಲ್ಲಬೇಕಾದ ಪಾಲು ಸಂಜೆಯಾಗುವುದರೊಳಗೆ ಸಂದಿರುತ್ತದೆ.